ಮಾಸ್ಕ್ ತಡೆಯದ ಆವಿ

ತಿಕೋಟಾ, ಬಬಲೇಶ್ವರದ ರೋಗಿಯ ಗಂಟು ತೆಗೆದರೆ ಬಯಾಪ್ಸಿಗೆ ಹತ್ತಿರದ ದಾರಿ ವಿಜಯಪುರ ನಗರ. 1984ರ ಅಲ್-ಅಮೀನ್, 1986ರ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜುಗಳಿಂದಾಗಿ ಪೆಥಾಲಜಿ ಇಲ್ಲಿ ಹೊಸ ವಿದ್ಯೆಯೇನಲ್ಲ. ವರದಿ ಯಾವಾಗ ಬರುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಆ ತುಂಡನ್ನು ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಕೊಯ್ದು ಗಾಜಿನ ಮೇಲೆ ತರುವ ಟೆಕ್ನಿಷಿಯನ್ ದಿನವಿಡೀ ಏನನ್ನು ಉಸಿರಾಡುತ್ತಾರೆ ಎಂದು ಕೇಳುವವರು ಕಡಿಮೆ.

ಹಿಸ್ಟಾಲಜಿ ಲ್ಯಾಬಿನ ಸುರಕ್ಷತೆ ಎಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಬ್ಲೇಡು ಮತ್ತು ಕಸ. ಅದರಲ್ಲಿ ತಪ್ಪಿಲ್ಲ. ಅಂಗಾಂಶ ಕೊಯ್ಯುವ ಯಂತ್ರವಾದ ಮೈಕ್ರೋಟೋಮಿನ ಚಕ್ರಕ್ಕೆ ಲಾಕ್ ಹಾಕದೆ, ಬ್ಲೇಡಿಗೆ ಗಾರ್ಡ್ ಎಳೆಯದೆ ಬ್ಲಾಕ್ ಬದಲಿಸಿದರೆ ಬೆರಳು ಹೋದಂತೆಯೇ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳೂ ಒಳ್ಳೆಯ ಕೆಲಸ ಮಾಡಿವೆ: ಅಂಗಾಂಶ ಹಳದಿ ಚೀಲಕ್ಕೆ, ಬ್ಲೇಡು ತೂತಾಗದ ಬಿಳಿ ಡಬ್ಬಿಗೆ, ಅಂಗಾಂಶ ಕೆಡದಂತಿಡಲು ಬಳಸಿದ ಫಾರ್ಮಲಿನ್ನನ್ನು ಹೆಸರಿಟ್ಟೇ ಸೇರಿಸಿ, ಪ್ರತ್ಯೇಕವಾಗಿ ಸಂಗ್ರಹಿಸಬೇಕೆಂದಿವೆ. ತ್ಯಾಜ್ಯ ಮುಟ್ಟುವವರಿಗೆ ಹೆಪಟೈಟಿಸ್-ಬಿ ಲಸಿಕೆ, ವರ್ಷಕ್ಕೊಮ್ಮೆ ತಪಾಸಣೆ ಕಡ್ಡಾಯ.

ಆದರೆ ಫಾರ್ಮಲಿನ್ ಕಸವಾಗುವ ಮೊದಲೇ ಗಾಳಿಯಾಗಿರುತ್ತದೆ.

ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಲಿನ್ನಿನಿಂದ ಏಳುವ ಅನಿಲವಾದ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿತು. ಅಮೆರಿಕದ ಕಾನೂನು ಎಂಟು ತಾಸಿನ ಸರಾಸರಿಗೆ ಇಟ್ಟಿರುವ ಮಿತಿ 0.75 ಪಿಪಿಎಂ. ಸರ್ಜಿಕಲ್ ಮಾಸ್ಕ್ ಈ ಅನಿಲವನ್ನು ತಡೆಯುವುದಿಲ್ಲ, ಎನ್-95 ಕೂಡ ತಡೆಯುವುದಿಲ್ಲ. ಮೂಗನ್ನೂ ನಂಬುವಂತಿಲ್ಲ, ಸ್ವಲ್ಪ ಹೊತ್ತಿಗೆ ಅದು ವಾಸನೆಗೆ ಒಗ್ಗಿಹೋಗುತ್ತದೆ. ಅಂಗಾಂಶವನ್ನು ಕೊಯ್ದು ನೋಡುವ ಗ್ರಾಸಿಂಗ್ ಮೇಜಿನ ಎದುರಿನ ಗೋಡೆಯಲ್ಲಿ, ತಲೆಗಿಂತ ಮೇಲೆ ಎಕ್ಸಾಸ್ಟ್ ಫ್ಯಾನ್ ಕೂರಿಸಿ ಗಾಳಿಯ ವ್ಯವಸ್ಥೆ ಆಯಿತೆನ್ನುವುದಂತೂ ಒಪ್ಪತಕ್ಕದ್ದಲ್ಲ. ಗರ್ಭಕೋಶವನ್ನೋ ಸ್ತನದ ಗಡ್ಡೆಯನ್ನೋ ಬಾಗಿ ಕೊಯ್ಯುವವರ ಮುಖದ ಮುಂದಿನಿಂದಲೇ ಆವಿ ಮೇಲೇರುತ್ತದೆ. ಮೇಜಿನ ಮಟ್ಟದಲ್ಲೇ ಕೆಳಕ್ಕೋ ಹಿಂದಕ್ಕೋ ಎಳೆದುಕೊಳ್ಳುವ ವ್ಯವಸ್ಥೆ ಬೇಕು. ದ್ರಾಕ್ಷಿಗೆ ಔಷಧ ಹೊಡೆಯುವ ತಿಕೋಟಾದ ರೈತರು ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡುತ್ತಾರಲ್ಲ, ಲ್ಯಾಬ್ ಕಟ್ಟುವವರಿಗೂ ಆ ಲೆಕ್ಕ ಬೇಕು.

ಲ್ಯಾಬಿನಲ್ಲಿ ಬಳಸುವ ಇನ್ನೊಂದು ದ್ರಾವಕವಾದ ಝೈಲೀನಿನ ವಿಷಯದಲ್ಲಿ ಈ ಊರಿನ ಬಿಸಿಲೇ ಎಚ್ಚರಿಕೆ. ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡಲು ಅದಕ್ಕೆ 30 ಡಿಗ್ರಿ ಉಷ್ಣತೆ ಸಾಕು; ವಿಜಯಪುರದ ಬೇಸಿಗೆ 40 ದಾಟುತ್ತದೆ. ತಂಪು ದೇಶದ ಕೈಪಿಡಿಯನ್ನು ಹಾಗೆಯೇ ಗೋಡೆಗೆ ಅಂಟಿಸಿದರೆ ಇಲ್ಲಿ ಸಾಲದು. ಅಂಗಾಂಶಕ್ಕೆ ಬಣ್ಣ ಹಾಕುವ ಜಾರುಗಳಿಗೆ ಮುಚ್ಚಳ, ಹಾಟ್‌ಪ್ಲೇಟು ದೂರ, ಮೇಜಿನ ಮೇಲೆ ಅಂದಂದಿಗೆ ಬೇಕಾದಷ್ಟೇ ದ್ರಾವಕ ಇರಬೇಕು. ತೆಳು ನೈಟ್ರೈಲ್ ಗ್ಲೌಸನ್ನೂ ಝೈಲೀನ್ ಕೆಲವೇ ನಿಮಿಷಗಳಲ್ಲಿ ದಾಟುತ್ತದೆ, ಚೆಲ್ಲಿದ ಕೂಡಲೇ ಬದಲಿಸಲೇಬೇಕು.

ಹಳ್ಳಿಯ ಕಡೆಯಿಂದ ಅಂಗಾಂಶದ ತುಂಡು ಹೊತ್ತು ಬರುವ ಡಬ್ಬಿಯೂ ಈ ಸುರಕ್ಷತೆಯ ಭಾಗವೇ. ಅಗಲ ಬಾಯಿ, ಬಿಗಿ ಮುಚ್ಚಳ, ತುಂಡಿನ ಹತ್ತು ಪಟ್ಟು ಫಾರ್ಮಲಿನ್, ಡಬ್ಬಿಯ ಮೈಮೇಲೆ ಹೆಸರು. ಕಿರಿದಾದ ಬಾಯಿಯ ಬಾಟಲಿಗೆ ತುರುಕಿದ ತುಂಡು ಗಟ್ಟಿಯಾಗಿ ಸಿಕ್ಕಿಕೊಂಡರೆ ಹೊರಗೆಳೆಯುವವರ ಕೈ, ಕಣ್ಣುಗಳ ಮೇಲೆ ಸಿಡಿಯುವುದು ಅದೇ ದ್ರವ.

ಲ್ಯಾಬುಗಳಲ್ಲಿ ಫ್ರಿಜ್ಜಿನ, ವಾಟರ್ ಬಾತಿನ ಉಷ್ಣತೆಯನ್ನು ದಿನಾ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಅದೇ ಪುಟಕ್ಕೆ ಇನ್ನೊಂದು ಕಾಲಂ ಬೇಕು: ಗ್ರಾಸಿಂಗ್ ನಡೆಯುತ್ತಿರುವಾಗ, ಕೆಲಸಗಾರರ ಮೂಗಿನ ಎತ್ತರದಲ್ಲಿ ಅಳೆದ ಫಾರ್ಮಾಲ್ಡಿಹೈಡ್ ಪ್ರಮಾಣ.