ಸಿಗಲಿಲ್ಲವೆಂದರೆ ಇರಲಿಲ್ಲವೆಂದೇ?

ಕಳೆದ ಬೇಸಗೆಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಎಂ.ಎ. ಕಿರುಪ್ರಬಂಧದ ಕರಡನ್ನು ತಂದು ಮೇಜಿನ ಮೇಲಿಟ್ಟಳು. ವಿಷಯ, ಕನ್ನಡ ಸಣ್ಣಕಥೆಯ ಉಗಮ. ಬರಹ ಅಚ್ಚುಕಟ್ಟಾಗಿತ್ತು; ಅಡಿಟಿಪ್ಪಣಿಗಳು ಒಪ್ಪವಾಗಿದ್ದವು. ಮೂರನೆಯ ಅಧ್ಯಾಯದ ಕೊನೆಗೆ ಒಂದು ವಾಕ್ಯವಿತ್ತು: ಮಾಸ್ತಿಯವರ ಮೊದಲ ಸಂಕಲನ ಬಂದ 1920ಕ್ಕೆ ಮುಂಚೆ, ಪಂಜೆಯವರ ಒಂದೆರಡು ಬರಹಗಳನ್ನು ಬಿಟ್ಟರೆ, ನಮ್ಮ ಪತ್ರಿಕೆಗಳಲ್ಲಿ ಸಣ್ಣಕಥೆಯೆಂಬುದೇ ಕಾಣುವುದಿಲ್ಲ. ಆಧಾರವೇನೆಂದು ಕೇಳಿದೆ. “ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹದಲ್ಲಿ ಹುಡುಕಿದೆ, ಸರ್. ಏನೂ ಸಿಗಲಿಲ್ಲ” ಎಂದಳು. ಹಾಗೆ ಹುಡುಕುವುದನ್ನು ಅವಳಿಗೆ ಕಲಿಸಿದವನು ನಾನು. ಸಹಿ ಹಾಕಬೇಕಾದವನೂ ನಾನೇ. ಸಲ್ಲಿಸಲು ಉಳಿದಿದ್ದುದು ಹತ್ತೇ ದಿನ.

ಈ ಸಣ್ಣ ಪ್ರಸಂಗವನ್ನು ವಾಚಕರ ಮುಂದಿಡಲು ಕಾರಣವುಂಟು. ಇಂದಿನ ನಮ್ಮ ಸಂಶೋಧನ ಪ್ರಬಂಧಗಳಲ್ಲಿ ‘ಇಲ್ಲ’ ಎಂಬ ಮಾತು ಹಿಂದೆಂದಿಗಿಂತ ಧೈರ್ಯವಾಗಿ ಕೇಳಿಬರುತ್ತಿದೆ. ಆ ಧೈರ್ಯ ಎಲ್ಲಿಂದ ಬಂತೆಂಬುದನ್ನು ಸ್ವಲ್ಪ ವಿಚಾರಿಸಬೇಕಾಗಿದೆ.

ಡಿಜಿಟಲ್ ಸಂಗ್ರಹಗಳಿಂದ ಆಗಿರುವ ಉಪಕಾರವನ್ನು ಮರೆಯುವಷ್ಟು ಕೃತಘ್ನ ನಾನಲ್ಲ. ನಾನು ಓದುತ್ತಿದ್ದ ಕಾಲದಲ್ಲಿ ರಾಜೀವನಗರದಿಂದ ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಬಸ್ಸು ಹಿಡಿದು ಹೋದರೆ, ಕೇಳಿದ ಸಂಪುಟ ಸಿಕ್ಕುವುದೇ ಒಂದು ಪುಣ್ಯ. ಸಿಕ್ಕರೂ ಹಾಳೆ ಮಗುಚಿದರೆ ಅಂಚು ಹಪ್ಪಳದಂತೆ ಮುರಿಯುತ್ತಿತ್ತು. ಈ ಶತಮಾನದ ಮೊದಲಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದ ಕೆಲಸ, ಇಂಟರ್ನೆಟ್ ಆರ್ಕೈವ್‌ನಲ್ಲಿ ಕೂಡುತ್ತ ಬಂದಿರುವ ಕನ್ನಡ ಪುಸ್ತಕ ಪತ್ರಿಕೆಗಳ ರಾಶಿ, ಇವುಗಳಿಂದಾಗಿ ನನ್ನಂಥವನು ಮನೆಯ ಮಹಡಿಯ ಕೋಣೆಯಲ್ಲಿ ಕುಳಿತೇ ತಾತನ ಕಾಲದ ಪುಟವನ್ನು ಕಾಣಬಹುದಾಗಿದೆ. ಇದು ಸಾಮಾನ್ಯ ಲಾಭವಲ್ಲ.

ಆದರೆ ಪುಟವನ್ನು ಕಾಣುವುದು ಬೇರೆ, ಹುಡುಕುವುದು ಬೇರೆ. ನಾವು ಹುಡುಕುವಾಗ ಯಂತ್ರವು ಆ ಪುಟವನ್ನು ನೋಡುವುದೇ ಇಲ್ಲ. ಪುಟದ ಚಿತ್ರವನ್ನು ಮೊದಲೇ ಒಮ್ಮೆ ಓದಿ, ತನಗೆ ತೋರಿದ ಅಕ್ಷರಗಳನ್ನು ಒಂದು ಪಠ್ಯವಾಗಿ ಬರೆದಿಟ್ಟುಕೊಂಡಿರುತ್ತದೆ. ನಮಗೆ ಉತ್ತರ ಬರುವುದು ಆ ಪಠ್ಯದಿಂದ. ಹಳೆಯ ಮೊಳೆಗಳ ಕನ್ನಡ ಅದಕ್ಕೆ ಕಬ್ಬಿಣದ ಕಡಲೆ. ಥಕಾರಕ್ಕೂ ಧಕಾರಕ್ಕೂ ಇರುವ ಅಂತರ ಒಂದು ಚುಕ್ಕೆ. ಮಸಿ ಹರಡಿದರೆ ‘ಕಥೆ’ ಹೋಗಿ ‘ಕಧೆ’ಯಾಗುತ್ತದೆ. ಕೆಲವರು ‘ಕತೆ’ ಎಂದೇ ಬರೆದರು. ಸಾಲಿನ ಕೊನೆಯಲ್ಲಿ ಶಬ್ದ ಎರಡು ತುಂಡಾದರೆ ಎರಡೂ ಅನಾಥ. ‘ಸಣ್ಣ’ ‘ಕಥೆ’ ಎಂದು ಬಿಡಿಸಿ ಬರೆದವರುಂಟು, ಕೂಡಿಸಿ ಬರೆದವರುಂಟು. ವಿಭಕ್ತಿ ಹತ್ತಿದರೆ ಯಂತ್ರದ ಪಟ್ಟಿಯಲ್ಲಿ ಅದು ಬೇರೆಯೇ ಒಂದು ಶಬ್ದವಾಗಬಹುದು. 1843ರ ಜುಲೈ 1ರಂದು ಹೊರಟ ನಮ್ಮ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವಂತೂ ಕಲ್ಲಚ್ಚಿನದು. ಅಂಥ ಕೈಬರಹದ ಪುಟದ ಮುಂದೆ ಯಂತ್ರ ಇನ್ನಷ್ಟು ತಡವರಿಸುತ್ತದೆ.

ಇವು ಕಣ್ಣಿನ ದೋಷಗಳು. ಎಂದಾದರೊಂದು ದಿನ ಪರಿಹಾರವಾದಾವು. ಇದಕ್ಕಿಂತ ಆಳವಾದ ತೊಡಕೊಂದಿದೆ. ಅದನ್ನು ನನಗೆ ಸೂಚಿಸಿದವರು ನಮ್ಮ ಬೀದಿಯ ಹಿರಿಯರೊಬ್ಬರು, ಉರ್ದು ಅಧ್ಯಾಪಕರಾಗಿ ನಿವೃತ್ತರಾದ ಸಾಹೇಬರು. ಸಂಜೆ ಗೇಟಿನ ಬಳಿ ನಿಂತು ನನ್ನ ಸಂಕಟವನ್ನು ಹೇಳಿಕೊಂಡೆ. ಅವರು ನಕ್ಕು, “ನಾವು ಈಗ ಅಫ್ಸಾನಾ ಅಂತೀವಿ. ನಮ್ಮ ಹಿರಿಯರು ಕಿಸ್ಸಾ ಅನ್ನೋರು, ಹಿಕಾಯತ್ ಅನ್ನೋರು. ನೀವು ಯಾವ ಹೆಸರು ಹಿಡಿದು ಕೂಗಿದಿರಿ, ಮೇಷ್ಟ್ರೇ?” ಎಂದರು.

ನಾನು ನಾಚಿದೆ. ಬಾಗಲಕೋಟೆಯ ಕೆರೂರ ವಾಸುದೇವಾಚಾರ್ಯರು ತಮ್ಮ ಪತ್ರಿಕೆಯಲ್ಲಿ ಇಂಥ ಕಥೆಗಳನ್ನು ‘ಸಂಪೂರ್ಣ ಗೋಷ್ಠಿ’ ಎಂದು ಕರೆದರೆಂಬುದನ್ನು ವರ್ಷವರ್ಷವೂ ತರಗತಿಯಲ್ಲಿ ಹೇಳುತ್ತ ಬಂದವನು ನಾನು. ಹುಡುಕುವ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ. ‘ಸಣ್ಣಕಥೆ’ ಎಂದು ಕೂಗಿದರೆ ‘ಗೋಷ್ಠಿ’ ಏಕೆ ಓಗೊಟ್ಟೀತು? ಬರೆದವರ ಹೆಸರಿನ ಪಾಡೂ ಇದೇ. ಪಂಜೆಯವರು ‘ಕವಿಶಿಷ್ಯ’ರಾಗಿಯೂ ಬರೆದರು, ಮಾಸ್ತಿಯವರು ‘ಶ್ರೀನಿವಾಸ’, ಬೇಂದ್ರೆಯವರು ‘ಅಂಬಿಕಾತನಯದತ್ತ’. ‘ಶ್ರೀನಿವಾಸ’ ಎಂದು ಹುಡುಕಿ ನೋಡಿ: ದೇವರ ಉತ್ಸವ, ಮದುವೆ, ವಕೀಲರ ನೇಮಕ ಎಲ್ಲವೂ ಬಂದು ನಿಲ್ಲುತ್ತವೆ, ಕಥೆಗಾರರು ಆ ಜಾತ್ರೆಯಲ್ಲಿ ಎಲ್ಲೋ ಹಿಂದೆ.

ಸಾಹಿತ್ಯದಲ್ಲಿ ವಸ್ತು ಮೊದಲು ಹುಟ್ಟುತ್ತದೆ, ಹೆಸರು ಆಮೇಲೆ ನಿಲ್ಲುತ್ತದೆ. ಪಂಜೆ ಮಂಗೇಶರಾಯರು 1900ರಲ್ಲಿ ಮಂಗಳೂರಿನ ‘ಸುವಾಸಿನಿ’ಯಲ್ಲಿ ಬರೆದಾಗ ಅದಕ್ಕೆ ಇದೇ ಹೆಸರಾಗಬೇಕೆಂದು ಯಾರೂ ಗೆರೆ ಎಳೆದಿರಲಿಲ್ಲ. 1920ರ ಹೊತ್ತಿಗೆ ಮಾಸ್ತಿಯವರ ಸಂಕಲನದ ಹೆಸರಿನಲ್ಲಿಯೇ ‘ಸಣ್ಣ ಕತೆಗಳು’ ಎಂಬ ಮಾತು ಬಂತು. ಹೆಸರನ್ನಷ್ಟೇ ಹಿಡಿದು ಹುಡುಕುವ ಚರಿತ್ರೆಕಾರನಿಗೆ ಎಲ್ಲ ಪ್ರಕಾರಗಳೂ ತಮ್ಮ ನಾಮಕರಣದ ದಿನವೇ ಹುಟ್ಟಿದಂತೆ ತೋರುತ್ತವೆ. ಅದಕ್ಕೆ ಹಿಂದೆ ತೊಟ್ಟಿಲು ತೂಗಿದವರು ಮರೆಯಾಗುತ್ತಾರೆ. ಅವರಲ್ಲಿ ಮಂಗಳೂರಿನವರಿದ್ದಾರೆ, ಬಾಗಲಕೋಟೆಯವರಿದ್ದಾರೆ. ಮಾಸ್ತಿಯವರ ಹಿರಿಮೆಗೆ ಇದರಿಂದ ಕೊರತೆಯಿಲ್ಲ. ಅನ್ಯಾಯವಾಗುವುದು ಉಳಿದವರಿಗೆ. ಯಾವ ಊರಿನ ಪತ್ರಿಕೆಗಳು ಇನ್ನೂ ಸಂಗ್ರಹಕ್ಕೆ ಸೇರಿಲ್ಲವೋ ಆ ಊರಿಗೆ ಚರಿತ್ರೆಯೇ ಇಲ್ಲವೆನ್ನುವ ಅಪಾಯವೂ ಇದರ ಹಿಂದೆಯೇ ಬರುತ್ತದೆ.

ಪುಟಪುಟವನ್ನೂ ಓದುತ್ತ ಕೂತರೆ ಆಯುಷ್ಯ ಸಾಲದೆಂದು ಕೆಲವರು ಹೇಳಬಹುದು. ಒಪ್ಪತಕ್ಕ ಮಾತೇ. ನಾನು ಕೇಳುವುದು ಇಷ್ಟು: ಹುಡುಕುವ ಮೊದಲು, ಆ ಕಾಲದ ಒಂದು ಪತ್ರಿಕೆಯ ಒಂದು ವರ್ಷದ ಸಂಚಿಕೆಗಳನ್ನಾದರೂ ಮೊದಲಿನಿಂದ ಕೊನೆಯವರೆಗೆ, ಜಾಹೀರಾತುಗಳನ್ನೂ ಬಿಡದೆ ಓದಬೇಕು. ಆ ಕಾಲ ಯಾವುದನ್ನು ಯಾವ ಹೆಸರಿನಿಂದ ಕರೆಯುತ್ತಿತ್ತೆಂಬುದು ಆಗ ಕಿವಿಗೆ ಹತ್ತುತ್ತದೆ. ಬಳಿಕ ಯಾವ ಸಂಚಿಕೆಗಳಲ್ಲಿ, ಯಾವ ಯಾವ ಶಬ್ದಗಳಿಂದ ಹುಡುಕಿದೆವೆಂಬುದನ್ನು ಪ್ರಬಂಧದಲ್ಲಿ ಬರೆಯಬೇಕು. ಆಸ್ಟ್ರೇಲಿಯದ ರಾಷ್ಟ್ರೀಯ ಗ್ರಂಥಾಲಯವು 2008ರಿಂದ ತನ್ನ ಹಳೆಯ ಪತ್ರಿಕೆಗಳ ಯಂತ್ರಪಠ್ಯವನ್ನು ತಿದ್ದುವ ಅವಕಾಶವನ್ನು ಸಾಮಾನ್ಯ ಓದುಗರಿಗೇ ಕೊಟ್ಟಿದೆ. ಜನ ಮನೆಯಲ್ಲಿ ಕುಳಿತು ಸಾಲುಸಾಲಾಗಿ ತಿದ್ದುತ್ತಾರೆ. ಕಾಗುಣಿತದ ತಪ್ಪನ್ನು ಸಹಿಸದ ನಿವೃತ್ತ ಮೇಷ್ಟರುಗಳಿಗೆ ನಮ್ಮ ಮೈಸೂರಿನಲ್ಲೇನು ಬರವೇ?

ಆ ಕಿರುಪ್ರಬಂಧದ ಕಥೆಯನ್ನು ಮುಗಿಸಬೇಕು. ಸಹಿ ಹಾಕಲಾರೆನೆಂದಾಗ ಹುಡುಗಿಯ ಮುಖ ಬಾಡಿತು. “ಒಂದು ವಾಕ್ಯಕ್ಕೋಸ್ಕರವೇ, ಸರ್?” ಎಂದಳು. ಹೌದೆಂದೆ. ತಪ್ಪು ನನ್ನದೂ ಆದ್ದರಿಂದ ಸಿಕ್ಕ ಸಂಪುಟಗಳನ್ನು ಇಬ್ಬರೂ ಹಂಚಿಕೊಂಡೆವು. ಒಂಬತ್ತು ದಿನ ಓದಿದೆವು. ಮಳೆಯ ಸುದ್ದಿಗೂ ಔಷಧದ ಜಾಹೀರಾತಿಗೂ ನಡುವೆ, ಮೇಲೆ ಕಥೆಯೆಂಬ ಹೆಸರಿಲ್ಲದೆ, ಕೆಳಗೆ ಬರೆದವರ ಹೆಸರೂ ಇಲ್ಲದೆ ಅಚ್ಚಾಗಿದ್ದ ಪುಟ್ಟ ಕಥನಗಳು ಮೂರು ಸಿಕ್ಕವು. ಅವು ಶ್ರೇಷ್ಠ ಕೃತಿಗಳೇನೂ ಅಲ್ಲ. ಆದರೆ ಇದ್ದವು.

ಹತ್ತನೆಯ ದಿನ ಅವಳು ಆ ವಾಕ್ಯವನ್ನು ಹೊಡೆದುಹಾಕಿ, ನಾವು ನೋಡಿದ್ದೆಷ್ಟು, ನೋಡದೆ ಉಳಿದದ್ದೆಷ್ಟು ಎಂಬುದನ್ನು ಅರ್ಧ ಪುಟದಲ್ಲಿ ಬರೆದಳು. ನಾನು ಸಹಿ ಹಾಕಿದೆ. ಕೆಲವು ವರ್ಷಗಳ ಹಿಂದಿನ ನನ್ನದೇ ಲೇಖನವೊಂದರಲ್ಲಿಯೂ ಅಂಥದೊಂದು ವಾಕ್ಯವಿದೆ. ಅದನ್ನು ತಿದ್ದುವುದು ಇನ್ನೂ ಬಾಕಿಯಿದೆ.