ಉಚ್ಚಾರ, ಮೌನ ಮತ್ತು ಆರೋಗ್ಯ ಸಾಕ್ಷರತೆ

ಆರೋಗ್ಯ ಸಾಕ್ಷರತೆಯನ್ನು ಅಳೆಯಲು 1990ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ‘ರೆಲ್ಮ್’ ಪರೀಕ್ಷೆಯು ರೋಗಿಯಿಂದ 66 ಇಂಗ್ಲಿಷ್ ಪದಗಳನ್ನು ಗಟ್ಟಿಯಾಗಿ ಓದಿಸುತ್ತದೆ. ಬರಹಕ್ಕೂ ಉಚ್ಚಾರಕ್ಕೂ ನಂಟು ಸಡಿಲವಾಗಿರುವ ಇಂಗ್ಲಿಷಿನಲ್ಲಿ ಸರಿಯಾದ ಉಚ್ಚಾರವು ಪದಪರಿಚಯವನ್ನು ಒಂದಿಷ್ಟು ಸೂಚಿಸೀತು. ಕನ್ನಡದಲ್ಲಾದರೋ ಅಕ್ಷರ ಬಲ್ಲ ಮಗುವೂ ‘ರಕ್ತಹೀನತೆ’ಯನ್ನು ಅರ್ಥವರಿಯದೆಯೇ ಸ್ಫುಟವಾಗಿ ಓದಬಲ್ಲದು. ಒಂದು ಬರವಣಿಗೆಯ ಸ್ವಭಾವವನ್ನೇ ಈ ಅಳತೆಗೋಲು ಅರಿವಿನ ಗುರುತೆಂದು ಬಗೆದಿದೆ.

ನೀಲಗಿರಿಯ ಗೂಡಲೂರಿನಲ್ಲಿ ಈ ಮಿತಿ ಇನ್ನಷ್ಟು ನಿಚ್ಚಳ. ಪಣಿಯ, ಬೆಟ್ಟಕುರುಂಬ ಮನೆಮಾತುಗಳಿಗೆ ರೂಢಿಯ ಲಿಪಿಯಿಲ್ಲ. ಕಾಟುನಾಯಕರ ನುಡಿ ಕನ್ನಡಕ್ಕೆ ಹತ್ತಿರ. ಚಿಕಿತ್ಸೆಯ ಮಾತು ಬಹುಮಟ್ಟಿಗೆ ತಮಿಳು, ಮಲಯಾಳ. ಔಷಧದ ಚೀಟಿ ಇಂಗ್ಲಿಷ್. ಪರನುಡಿಯೆದುರು ತಾಯಿ ಮೌನವಾದರೆ ಅಜ್ಞಾನವೆಂದೂ ತಲೆಯಾಡಿಸಿದರೆ ಗ್ರಹಿಕೆಯೆಂದೂ ವೈದ್ಯರು ಎಣಿಸುವ ಅಪಾಯವಿದೆ. 1952ರಲ್ಲಿ ನೀಲಗಿರಿಯ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ಲಕ್ಷಣ ಪತ್ತೆಯಾಯಿತು. ತಲೆಮಾರಿನಿಂದ ತಲೆಮಾರಿಗೆ ಹರಿಯುವ ಇಂತಹ ಕಾಯಿಲೆಯನ್ನು ವಿವರಿಸುವಾಗ ಆಗುವ ತಪ್ಪೆಣಿಕೆಗೆ ಮಗುವಿನ ಜೀವವೇ ಬೆಲೆಯಾದೀತು.

ಗೂಡಲೂರು ಆದಿವಾಸಿ ಆಸ್ಪತ್ರೆಯು ಆದಿವಾಸಿ ಯುವತಿಯರನ್ನೇ ದಾದಿಯರಾಗಿ ತರಬೇತುಗೊಳಿಸಿದೆ. ಇದನ್ನು ಅನುವಾದದ ಅನುಕೂಲವೆಂದಷ್ಟೇ ಕಾಣುವುದು ಸಾಲದು. ಕೇಳಿದ್ದನ್ನು ಕುಟುಂಬವು ತನ್ನ ನುಡಿಯಲ್ಲೇ ತಿರುಗಿ ಹೇಳಲು, ಹೇಳಿದ್ದು ಆಸ್ಪತ್ರೆಯೊಳಗೆ ಅರ್ಥವಾಗಲು ಅಲ್ಲಿ ಅವಕಾಶವುಂಟು. ಆಗ ವೈದ್ಯರ ವಿವರಣೆಯೂ ಪರೀಕ್ಷೆಗೆ ಒಳಗಾಗುತ್ತದೆ. ಆರೋಗ್ಯ ಸಾಕ್ಷರತೆಯ ವಿಮರ್ಶೆ ಆರಂಭವಾಗಬೇಕಾದುದು ಇಲ್ಲಿಂದ.