ಹುಣಸೆ ಬೀಜದ ಪಣ

ನಾನು ಚಿಕ್ಕವಳಿದ್ದಾಗ ದೀಪಾವಳಿಯ ರಾತ್ರಿ ಗಂಡಸರೆಲ್ಲ ಜಗಲಿಯಲ್ಲಿ ಇಸ್ಪೀಟಿಗೆ ಕೂತರೆ, ನಮ್ಮ ಪಾಲಿಗೆ ಬರುತ್ತಿದ್ದುದು ಕಾಫಿ ಮಾಡಿ ಕೊಡುವ ಕೆಲಸ. ಎಲೆ ಮುಟ್ಟಿದರೆ ಅಜ್ಜಿ ಗದರುತ್ತಿದ್ದಳು. ಆ ಗದರಿಕೆ ಎಷ್ಟು ಆಳಕ್ಕೆ ಇಳಿದಿತ್ತೆಂದರೆ, ಹೋದ ಬೇಸಿಗೆ ರಜೆಯಲ್ಲಿ ತಮ್ಮನ ಮಗಳು "ಅತ್ತೆ, ಇದನ್ನು ಓದಿ ನೋಡಿ" ಎಂದು ಪೋಕರ್ ಆಟದ ಪುಸ್ತಕವೊಂದನ್ನು ಕೈಗಿತ್ತಾಗ, ಅದರ ಮೇಲೆ ದಿನಪತ್ರಿಕೆ ಮುಚ್ಚಿಟ್ಟುಕೊಂಡು ಓದಿದೆ. ಐವತ್ತು ದಾಟಿದ ಟೀಚರಮ್ಮನ ಧೈರ್ಯ ನೋಡಿ!

ಪುಸ್ತಕದ ಹೆಸರು 'ದಿ ಬಿಗೆಸ್ಟ್ ಬ್ಲಫ್'. ಬರೆದವಳು ಮರಿಯಾ ಕೊನ್ನಿಕೋವಾ. ಹುಟ್ಟಿದ್ದು ಮಾಸ್ಕೋದಲ್ಲಿ, ಬೆಳೆದದ್ದು ಅಮೆರಿಕದಲ್ಲಿ, ಓದಿದ್ದು ಮನಃಶಾಸ್ತ್ರ. ಪುಸ್ತಕ ಬಂದದ್ದು 2020ರಲ್ಲಿ. ಆಟ ಕಲಿಯಲು ಹೊರಟಾಗ ಒಂದು ಕಟ್ಟಿನಲ್ಲಿ ಎಷ್ಟು ಎಲೆಗಳಿರುತ್ತವೆ ಎನ್ನುವುದೂ ಆಕೆಗೆ ಸರಿಯಾಗಿ ಗೊತ್ತಿರಲಿಲ್ಲವಂತೆ. ಅಜ್ಜಿ ಜಾರಿ ಬಿದ್ದು ತೀರಿಕೊಂಡರು, ತಾಯಿಯ ಕೆಲಸ ಹೋಯಿತು, ತನ್ನ ಆರೋಗ್ಯವೂ ಕೆಟ್ಟಿತು. ಬದುಕಿನಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು, ಅದೃಷ್ಟದ್ದು ಎಷ್ಟು ಎಂಬ ಪ್ರಶ್ನೆ ಆಕೆಯನ್ನು ಈ ಆಟಕ್ಕೆ ತಂದಿತು. ಎರಿಕ್ ಸೈಡೆಲ್ ಎಂಬ ಹೆಸರಾಂತ ಆಟಗಾರ ಗುರುವಾದ. ದೊಡ್ಡ ಪಣದ ಹತ್ತಿರ ಸುಳಿಯಲು ಅವನು ಬಿಡಲಿಲ್ಲ. ಮೊದಲು ಚಿಲ್ಲರೆ ಕಾಸಿನ ಆಟ, ಅಲ್ಲಿ ನಿಂತ ಮೇಲೆ ಮುಂದಿನ ಮೆಟ್ಟಿಲು. 2018ರ ಜನವರಿಯಲ್ಲಿ ಬಹಾಮಾಸ್‌ನಲ್ಲಿ ಆಕೆ 84,600 ಡಾಲರ್ ಗೆದ್ದಳು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಡಾಲರ್ ಅಲ್ಲ, ಚಿಲ್ಲರೆ ಕಾಸಿನ ಪಾಠ. ಶಿಷ್ಯೆ ಸೋತು ಬಂದು "ನನ್ನ ಅದೃಷ್ಟವೇ ಸರಿಯಿಲ್ಲ" ಎಂದು ಶುರುಮಾಡಿದರೆ ಗುರು ಕೇಳುವುದಿಲ್ಲ. ಕೊನೆಯ ಎಲೆ ಏನು ಬಂತೆಂಬುದು ಅವನಿಗೆ ಬೇಡ; ಆ ಗಳಿಗೆಯಲ್ಲಿ ನೀನು ಏನು ಯೋಚಿಸಿ ಹಾಗೆ ಮಾಡಿದೆ, ಅದನ್ನು ಹೇಳು ಎನ್ನುತ್ತಾನೆ.

ಪರೀಕ್ಷೆ ಮಾಡಿಯೇ ಬಿಡೋಣವೆಂದು ನಾವಿಬ್ಬರೂ ಹುಣಸೆ ಬೀಜ ಪಣವಿಟ್ಟು ಕೂತೆವು. ಒಬ್ಬೊಬ್ಬರಿಗೆ ಎರಡೆರಡು ಎಲೆ, ನಡುವೆ ಇಬ್ಬರಿಗೂ ಸೇರಿ ಐದು ಎಲೆ. ನಾಲ್ಕು ತೆರೆದಿದ್ದವು. ನನ್ನ ಲೆಕ್ಕಕ್ಕೆ ನಾಲ್ಕು ಆಟೀನು ಸೇರಿದ್ದವು, ಐದನೆಯದು ಬಂದರೆ ಗೆಲುವು. ನಡುವೆ 80 ಬೀಜ. ಅವಳು ಇನ್ನೂ 20 ಹಾಕಿದಳು. ನಾನು ಕಾಣದ 46 ಎಲೆಗಳಲ್ಲಿ ಆಟೀನು 9, ಅಂದರೆ ಸುಮಾರು ಐದು ಸಲಕ್ಕೆ ಒಂದು ಸಲ. ಕೈಬಿಡಲು ಹೊರಟೆ. "ಅತ್ತೆ, 20 ಹಾಕಿದರೆ ಗೆಲ್ಲುವುದು 100. ಐದು ಸಲ ಹೀಗೇ ಆಡಿದರೆ ನಾಲ್ಕು ಸಲ ಸೇರಿ 80 ಹೋಗುತ್ತದೆ, ಒಂದು ಸಲ 100 ಬರುತ್ತದೆ. ಲೆಕ್ಕ ಯಾರ ಕಡೆ?" ಎಂದಳು. ಹಾಕಿದೆ. ಬಂದದ್ದು ಕಳಾವರ್. "ಸೋತಿರಿ, ಆದರೆ ಸರಿಯಾಗಿ ಆಡಿದಿರಿ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಮಾಡಿಸದಿದ್ದರೆ ಹಾಸಿಗೆ ಹಿಡಿಯುತ್ತಾರೆ, ಹುಣ್ಣಾಗುತ್ತದೆ, ಕಫ ಕಟ್ಟುತ್ತದೆ ಎಂದರು ಡಾಕ್ಟರು. ಇಬ್ಬರು ಡಾಕ್ಟರನ್ನು ಕೇಳಿ ನಾನೇ ಸಹಿ ಹಾಕಿದೆ. ಒಂಬತ್ತನೆಯ ದಿನ ಅಮ್ಮ ಹೋದಳು. "ಮನೆಯಲ್ಲೇ ಇಟ್ಟುಕೊಂಡಿದ್ದರೆ ಇನ್ನೂ ನಾಲ್ಕು ವರ್ಷ ಇರುತ್ತಿದ್ದರು" ಎಂದರು ಚಿಕ್ಕಪ್ಪ. ಆ ಮಾತನ್ನು ಅಂದಿನಿಂದ ಸೆರಗಿನ ಗಂಟಿನಂತೆ ಕಟ್ಟಿಕೊಂಡೇ ತಿರುಗಿದ್ದೆ. ಬಂದ ಎಲೆಯನ್ನು ನೋಡಿ ಆಡಿದ್ದನ್ನು ತಪ್ಪೆನ್ನುವುದು ಎಷ್ಟು ಸುಲಭ!

ಹಾಗೆಂದು ಪುಸ್ತಕದ ಮಾತನ್ನೆಲ್ಲ ತಲೆಯ ಮೇಲೆ ಹೊರಲಾರೆ. ಪೋಕರಿನಲ್ಲಿ ಅದೇ ಪ್ರಸಂಗ ನೂರಾರು ಸಲ ಬರುತ್ತದೆ. ಇಂದು ಸೋತರೂ ಸರಿಯಾದ ಲೆಕ್ಕ ಮುಂದೊಂದು ದಿನ ಕೈಹಿಡಿಯುತ್ತದೆ. ಅಮ್ಮ ಇದ್ದದ್ದು ಒಬ್ಬಳೇ. ಐದು ಸಲ ಸಹಿ ಹಾಕಿ ನೋಡುವಂತಿರಲಿಲ್ಲ. ಈ ವ್ಯತ್ಯಾಸದ ಮುಂದೆ ಲೇಖಕಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. ಇನ್ನೊಂದು ಮಾತು: ಆಕೆ ಆಡಲು ಹೊರಟದ್ದೇ ಪುಸ್ತಕ ಬರೆಯಲು, ಜೊತೆಗೆ ಅಂಥ ಗುರು. ಸೋತರೂ ಅದೊಂದು ಅಧ್ಯಾಯವಾಗುತ್ತದೆ. ನಮ್ಮ ಸೋಲಿಗೆ ಆ ಭಾಗ್ಯವಿಲ್ಲ. ದೊಡ್ಡ ಪಂದ್ಯಗಳು ಬಂದ ಮೇಲೆ ಪುಸ್ತಕದ ಬಿಗಿಯೂ ಸಡಿಲವಾಯಿತೆಂದು ನನಗನ್ನಿಸಿತು.

ಆದರೆ ಎರಡು ಕಡೆ ಆಕೆಗೆ ಪೂರ್ತಿ ಅಂಕ ಕೊಡುತ್ತೇನೆ. ಗಂಡಸರೇ ತುಂಬಿದ ಮೇಜಿನಲ್ಲಿ ಯಾರಾದರೂ ಜೋರು ಮಾಡಿದರೆ ತಾನು ಒಳ್ಳೆಯ ಎಲೆಯನ್ನೂ ಬಿಟ್ಟುಕೊಡುತ್ತಿದ್ದೆ, ಒರಟಳು ಅನ್ನಿಸಿಕೊಳ್ಳುವುದು ಬೇಡವೆಂದು, ಎಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾಳೆ. ಎಷ್ಟು ಮನೆಗಳಲ್ಲಿ ನಾವು ಹೀಗೆ ಎಲೆ ಕೆಳಗಿಟ್ಟಿಲ್ಲ, ಹೇಳಿ?

ಇನ್ನೊಂದು, 'ಟಿಲ್ಟ್' ಎಂಬ ಮಾತು. ಪಿನ್‌ಬಾಲ್ ಯಂತ್ರವನ್ನು ಸಿಟ್ಟಿನಿಂದ ಅಲುಗಿಸಿದರೆ ಆ ದೀಪ ಹತ್ತಿ ಆಟ ನಿಂತುಬಿಡುತ್ತಿತ್ತು. ಅಲ್ಲಿಂದ ಬಂದ ಪದ. ಸೋತ ಸಿಟ್ಟಿನಲ್ಲಿ, ಕಳೆದದ್ದನ್ನು ಈಗಲೇ ತರುತ್ತೇನೆಂದು ಆಡುವ ಸ್ಥಿತಿ. ನಮಗಿದು ಹೊಸದೇ? ಧರ್ಮರಾಯ ಒಂದೊಂದು ಪಣ ಸೋತಾಗಲೂ ಅದನ್ನು ಮರಳಿ ಪಡೆಯಲು ಇನ್ನೂ ದೊಡ್ಡದನ್ನು ಇಟ್ಟ. ಆ ಸಭೆಯಲ್ಲಿ ತಲೆ ನೆಟ್ಟಗಿದ್ದವಳು ದ್ರೌಪದಿ: ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಕೇಳಿದಳು. ಅಷ್ಟು ದುಃಖದಲ್ಲೂ ಅವಳು ಕೇಳಿದ್ದು ನಿರ್ಧಾರದ ಬಗೆಗಿನ ಪ್ರಶ್ನೆ. ಇವತ್ತು ಮೊಬೈಲಿನಲ್ಲೇ ಜೂಜಿನ ಸಭೆ ತೆರೆದು ಎಷ್ಟೋ ಮನೆ ಹಾಳಾಗಿ, 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು ಮಾಡಬೇಕಾಯಿತು. ಆದ್ದರಿಂದ ಯಾರಿಗೂ ಆಡಿ ಎನ್ನುತ್ತಿಲ್ಲ. ಹುಣಸೆ ಬೀಜ ಸಾಕು. ಸಮಾಧಾನದ ಅಭ್ಯಾಸವಾಗುವುದು ಸೋತರೆ ನಷ್ಟವಿಲ್ಲದ ಕಡೆಯೇ.

ಈಗ ಮನೆಲೆಕ್ಕದ ಪುಸ್ತಕದ ಕೊನೆಯ ಪುಟಗಳಲ್ಲಿ, ಏನಾದರೂ ನಿರ್ಧಾರ ಮಾಡಿದ ದಿನವೇ ಯಾಕೆ ಹಾಗೆ ಮಾಡಿದೆನೆಂದು ನಾಲ್ಕು ಸಾಲು ಬರೆದಿಡುತ್ತೇನೆ. ಫಲ ಬಂದ ಮೇಲೆ ನೆನಪು ಸುಳ್ಳು ಹೇಳುತ್ತದೆ.

ಈ ಸಲ ಅಮ್ಮನ ತಿಥಿಯ ದಿನ ಊಟ ಮುಗಿಸಿ ಚಿಕ್ಕಪ್ಪ ಮತ್ತೆ ಅದೇ ಮಾತು ತೆಗೆದರು. ಮುಂಚೆಯಾಗಿದ್ದರೆ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ. ಈ ಸಲ ಎದುರಿಗೇ ಕೂತು, "ಅವತ್ತು ಡಾಕ್ಟರು ಹೇಳಿದ್ದಷ್ಟೇ ನಿಮಗೂ ಗೊತ್ತಿದ್ದಿದ್ದರೆ ನೀವೇನು ಮಾಡುತ್ತಿದ್ದಿರಿ, ಚಿಕ್ಕಪ್ಪ?" ಎಂದು ಕೇಳಿದೆ. ನನ್ನ ದನಿ ನಡುಗಲಿಲ್ಲ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೂ ಸಹಿ ಹಾಕುತ್ತಿದ್ದೆನೋ ಏನೋ" ಎಂದರು. ಆಗ ಎದ್ದು ಹೋಗಿ ಕಾಫಿ ಮಾಡಿ ತಂದೆ, ಇಬ್ಬರಿಗೂ.